ಮುದ್ದೆಯ ಪಕ್ಕಕ್ಕೆ ಗರಿಗರಿ ಗೋರಿಕಾಯಿ

ಒಂದು ಕಾಲಕ್ಕೆ ಮದುವೆಗೆ ಉಡುಗೊರೆ ಅಂದರೆ ಕುಕ್ಕರ್, ಆಮೇಲೆ ಮಿಕ್ಸಿ. ಈಗ ಏರ್ ಫ್ರೈಯರ್‌ನ ಸರದಿ. ಬೆಂಗಳೂರಿನಲ್ಲಿ ನೌಕರಿಗಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಹೊತ್ತು ತರುವ ಈ ಪೆಟ್ಟಿಗೆ ಪಾವಗಡದಂಥ ತಾಲ್ಲೂಕು ಕೇಂದ್ರದ ಅಡುಗೆಮನೆಗೂ ಕಾಲಿಟ್ಟಿದೆ. ಮೊದಲ ವಾರ ಅದರಲ್ಲಿ ಆಲೂಗಡ್ಡೆ ಚಿಪ್ಸ್ ಆಗುತ್ತದೆ, ಎರಡನೇ ವಾರ ಪ್ಯಾಕೆಟ್ಟಿನ ನಗೆಟ್ಸ್. ಮೂರನೇ ವಾರ ಯಾರೋ ಮೆಣಸಿನಕಾಯಿ ಬಜ್ಜಿಗೆ ಕೈ ಹಾಕುತ್ತಾರೆ. ಹಿಟ್ಟು ಬುಟ್ಟಿಯ ತೂತಿನಿಂದ ಸೋರಿ ತಳದಲ್ಲಿ ಸುಟ್ಟು ಅಂಟಿಕೊಳ್ಳುತ್ತದೆ. ಅಲ್ಲಿಗೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ತಪ್ಪು ಪೆಟ್ಟಿಗೆಯದಲ್ಲ. ‘ಎಣ್ಣೆ ಇಲ್ಲದೆ ಕರಿಯಿರಿ’ ಎಂಬ ಜಾಹೀರಾತು ಅದಕ್ಕೆ ಬಾರದ ಕೆಲಸವನ್ನು ಹೊರಿಸಿದೆ. ಅದಕ್ಕೆ ಬರುವ ಕೆಲಸ ಬೇರೆ: ಮನೆಯವರು ಸಾರಿನಿಂದ ಎತ್ತಿ ತಟ್ಟೆಯ ಅಂಚಿಗೆ ಸರಿಸುವ ತರಕಾರಿಯನ್ನು, ಅವರೇ ಇನ್ನಷ್ಟು ಕೇಳಿ ಹಾಕಿಸಿಕೊಳ್ಳುವಂತೆ ಹುರಿದು ಕೊಡುವುದು. ಆ ಕೆಲಸಕ್ಕೆ ಬಳಸುವವರಿಗೆ ಮಾತ್ರ ಇದು ಆರೋಗ್ಯದ ಯಂತ್ರ. ಉಳಿದವರಿಗೆ ದುಬಾರಿ ಆಟಿಕೆ.

ಇದರ ಹುಟ್ಟು ತೀರಾ ಹಳೆಯದೇನಲ್ಲ. ನೆದರ್‌ಲೆಂಡ್ಸ್‌ನ ಫ್ರೆಡ್ ವಾನ್ ಡರ್ ವೈ ರೂಪಿಸಿದ ವಿನ್ಯಾಸವನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ ಮೇಳದಲ್ಲಿ ಮಾರುಕಟ್ಟೆಗೆ ತಂದಿತು. ಒಳಗೆ ಅಂಥ ಗುಟ್ಟೇನೂ ಇಲ್ಲ. ಮೇಲೊಂದು ಕಾಯಿಲ್, ಅದರ ಬೆನ್ನಿಗೆ ಫ್ಯಾನು, ಕೆಳಗೆ ತೂತಿನ ಬುಟ್ಟಿ. 180 ಡಿಗ್ರಿ ಆಸುಪಾಸು ಕಾದ ಗಾಳಿ ತರಕಾರಿಯ ಸುತ್ತ ಬಿರುಸಾಗಿ ಸುತ್ತುತ್ತದೆ, ಮೈಮೇಲಿನ ತೇವವನ್ನು ಎಳೆದುಕೊಂಡು ಹೋಗುತ್ತದೆ. ತೇವ ಹೋದ ಮೇಲೆಯೇ ಮೈ ಕೆಂಪಾಗುವುದು, ಗರಿಯಾಗುವುದು. ಬಾಣಲೆಯ ಎಣ್ಣೆ ಮಾಡುವುದೂ ಇದನ್ನೇ. ಆದರೆ ನೀರು ಹೋದ ಜಾಗಕ್ಕೆ ಎಣ್ಣೆ ಬಂದು ಕೂರುತ್ತದೆ. ಹಸಿ ಆಲೂಗಡ್ಡೆಯಲ್ಲಿ ಕೊಬ್ಬು ಶೇಕಡ ಒಂದೂ ಇರುವುದಿಲ್ಲ; ಅಂಗಡಿಯ ಪ್ಯಾಕೆಟ್ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ.

ತರಕಾರಿಯ ನೀರು ತೆಗೆದು ಗರಿ ಮಾಡುವ ವಿದ್ಯೆ ಪಾವಗಡದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿಗೆ ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತದೆ, ಮಜ್ಜಿಗೆಯಲ್ಲಿ ನೆನೆದ ಬಾಳಕದ ಮೆಣಸಿನಕಾಯಿ ಒಣಗುತ್ತದೆ, ಉಪ್ಪು ಹಾಕಿ ಬೇಯಿಸಿದ ಗೋರಿಕಾಯಿ ಒಣಗುತ್ತದೆ. ಅದೇ ಬಿಸಿಲನ್ನು ನಂಬಿ ಸರ್ಕಾರ ಇಲ್ಲಿ ‘ಶಕ್ತಿ ಸ್ಥಳ’ ಸೋಲಾರ್ ಪಾರ್ಕ್ ಕಟ್ಟಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪಾರ್ಕ್ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸಾಮರ್ಥ್ಯ 2,050 ಮೆಗಾವಾಟ್. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ, ಬರಗಾಲಕ್ಕೇ ಹೆಸರಾಗಿದ್ದ ತಾಲ್ಲೂಕು ಈಗ ದೇಶಕ್ಕೆ ಕರೆಂಟು ಕೊಡುತ್ತಿದೆ.

ಆದರೆ ಆ ಹೊಲಗಳಲ್ಲಿ ಮೊದಲು ಏನಿತ್ತು ಎಂಬುದು ಅಡುಗೆಮನೆಯ ಲೆಕ್ಕದಲ್ಲಿ ಮುಖ್ಯ. ಮಳೆಯಾಶ್ರಿತ ಶೇಂಗಾ ಇಲ್ಲಿನ ದೊಡ್ಡ ಬೆಳೆ. ಶೇಂಗಾದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಅವರೆ ಬಿತ್ತುವುದು ರೂಢಿ. ಮಾರುವುದು ಶೇಂಗಾ, ಮನೆಗೆ ಉಳಿಯುವುದು ಅಕ್ಕಡಿ. ಹೊಲಕ್ಕೆ ಹೋದವರು ಸಂಜೆ ಸೆರಗಿನಲ್ಲಿ ಅಲಸಂದೆ ಕಾಯಿ, ಬೆರಕೆ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರು. ಭೂಮಿಯನ್ನು ಪಾರ್ಕಿಗೆ ಗುತ್ತಿಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ಅದು ನೆಚ್ಚಬಹುದಾದ ವರಮಾನ. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಮಾತ್ರ ಆ ಹಣವೂ ಇಲ್ಲ, ಹೊಲದ ಸೊಪ್ಪೂ ಇಲ್ಲ. ಪುಕ್ಕಟೆ ಸಿಗುತ್ತಿದ್ದ ತರಕಾರಿ ಸಂತೆಯಲ್ಲಿ ಕೊಳ್ಳುವ ತರಕಾರಿಯಾದಾಗ ಮನೆಯ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ದಿನಕ್ಕೆ 2,000 ಕ್ಯಾಲರಿಯ ಊಟದಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಇರಬೇಕು ಎನ್ನುತ್ತದೆ. ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು. ಎರಡು ಹೊತ್ತು ಮುದ್ದೆ, ಬೇಳೆಸಾರು, ಕಡ್ಲೆಬೀಜದ ಚಟ್ನಿ ಉಣ್ಣುವ ಮನೆಯಲ್ಲಿ ರಾಗಿ ಇದೆ, ಬೇಳೆ ಇದೆ. ಕೊರತೆ ಬೀಳುವುದು ಆ 400 ಗ್ರಾಂಗೆ. ಸಾರಿನಲ್ಲಿ ತೇಲುವ ಎರಡು ಬದನೆ ಹೋಳು, ನಾಲ್ಕು ಹುರುಳಿಕಾಯಿ ತುಂಡು ಸೇರಿಸಿ ತೂಗಿದರೂ ನೂರು ಗ್ರಾಂ ದಾಟುವುದು ಕಷ್ಟ. ಶಾಲೆಯ ಬಿಸಿಯೂಟದ ಲೆಕ್ಕದಲ್ಲೂ ಐದನೇ ತರಗತಿವರೆಗಿನ ಮಗುವಿಗೆ 50 ಗ್ರಾಂ, ಆಮೇಲಿನವರಿಗೆ 75 ಗ್ರಾಂ ತರಕಾರಿ ಮಾತ್ರ. ಮಿಕ್ಕಿದ್ದು ಮನೆಯಲ್ಲೇ ಆಗಬೇಕು.

ಸಕ್ಕರೆ ಕಾಯಿಲೆ ಪಟ್ಟಣದವರದು ಎಂಬ ಮಾತು ಹಳೆಯದಾಯಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆ ಎಂದು ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜು ಮಾಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಗಂಡಸರು, ಹೆಂಗಸರು ಇಬ್ಬರಲ್ಲೂ ನೂರಕ್ಕೆ ಸುಮಾರು 30 ಮಂದಿ ಮೈಭಾರದವರು. ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ತಗ್ಗಿಸಿ ಎಂದು ಪ್ರಧಾನಿ 2025ರ ಫೆಬ್ರುವರಿಯಲ್ಲಿ ರೇಡಿಯೊದಲ್ಲೇ ಕೇಳಿಕೊಂಡರು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ ಎಂಬುದನ್ನು ನೆನೆದರೆ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ.

ಇನ್ನು ಗೋರಿಕಾಯಿಗೆ ಬರೋಣ. ಒಣಭೂಮಿಯಲ್ಲಿ, ಕಡಿಮೆ ನೀರಿನಲ್ಲಿ ಬೆಳೆಯುವ, ನಾರು ತುಂಬಿದ ಕಾಯಿ ಇದು. ಒಗರು ಅಂತ ಮಕ್ಕಳು ದೂರ ಇಡುತ್ತಾರೆ. ಕಾಲು ಕೆ.ಜಿ. ಎಳೆ ಕಾಯಿಯ ತೊಟ್ಟು, ನಾರು ಬಿಡಿಸಿ ಉದ್ದಕ್ಕೇ ಬಿಡಬೇಕು. ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ ತೆಗೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಬೇಕು. ಎರಡು ಚಮಚ ಕಡ್ಲೆಕಾಯಿ ಎಣ್ಣೆ, ಚಿಟಿಕೆ ಅರಿಸಿನ, ಅಚ್ಚ ಖಾರದ ಪುಡಿ ಸವರಿ ಬುಟ್ಟಿಯಲ್ಲಿ ಒಂದೇ ಪದರ ಬರುವಂತೆ ಹರಡಿದರೆ 180 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ನಡುವೆ ಒಮ್ಮೆ ಬುಟ್ಟಿ ಎಳೆದು ಅಲ್ಲಾಡಿಸಬೇಕು. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಹೊರಬರುವ ಹೊತ್ತಿಗೆ ಕಾಯಿ ಸುಕ್ಕುಗಟ್ಟಿ, ತುದಿ ಕಂದಾಗಿ, ಬಾಯಿಗಿಟ್ಟರೆ ಕರಕ್ ಅನ್ನುತ್ತದೆ. ಮೇಲೆ ಹುರಿದ ಕಡ್ಲೆಬೀಜದ ಪುಡಿಯನ್ನೋ ಹುಚ್ಚೆಳ್ಳಿನ ಚಟ್ನಿಪುಡಿಯನ್ನೋ ಉದುರಿಸಿದರೆ ಮುದ್ದೆ, ಅನ್ನ, ರೊಟ್ಟಿ ಯಾವುದಕ್ಕೂ ನಂಚಿಕೊಳ್ಳಬಹುದು.

ಹಾಗಲಕಾಯಿಗೆ ಕ್ರಮ ತಿರುಗುಮುರುಗು. ಬಿಲ್ಲೆ ಹೆಚ್ಚಿ ಮೊದಲೇ ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟು ಹಿಂಡಿದರೆ ನೀರೂ ಹೋಯಿತು, ಕಹಿಯೂ ಇಳಿಯಿತು. ಬೆಂಡೆಕಾಯಿಯನ್ನು ತೊಳೆದು ಒರೆಸಿದ ಮೇಲೆಯೇ ಹೆಚ್ಚಬೇಕು, ಹೆಚ್ಚಿ ತೊಳೆದರೆ ಲೋಳೆ. ಅದರ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಬುಟ್ಟಿ ತುಂಬ ಹಾಕಿದ ಬೆಂಡೆ ಹೊರಬರುವಾಗ ಒಂದು ಹಿಡಿ. ಒಬ್ಬರೇ ಕೂತಲ್ಲಿ ಕಾಲು ಕೆ.ಜಿ. ತಿಂದುಬಿಡಬಹುದು, ಪಲ್ಯ ಮಾಡಿದರೆ ಅಷ್ಟು ಇಳಿಯುವುದಿಲ್ಲ. ಲಾಭ ಇರುವುದು ಇಲ್ಲಿ. ದಂಟಿನ ಸೊಪ್ಪು, ಕರಿಬೇವು ಮಾತ್ರ ಬೇಡ; ಹಗುರ ಎಲೆ ಗಾಳಿಗೆ ಹಾರಿ ಕಾಯಿಲ್‌ಗೆ ತಾಗಿ ಸುಡುತ್ತದೆ. ಸೊಪ್ಪಿಗೆ ಬಸ್ಸಾರೇ ಸರಿ.

ಎಣ್ಣೆಯನ್ನು ಪೂರ್ತಿ ಬಿಡುತ್ತೇವೆ ಎನ್ನುವ ಹಟವೂ ಬೇಡ. ಕ್ಯಾರೆಟ್, ಕುಂಬಳದ ಹಳದಿಯಲ್ಲಿರುವ ಸತ್ವ, ಎ, ಇ, ಕೆ ಜೀವಸತ್ವಗಳು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕೇ ಬೇಕು. ಬಾಣಲೆ ತುಂಬ ಎಣ್ಣೆ ಸುರಿದು, ಉಳಿದದ್ದನ್ನು ನಾಳೆಗೆ ಎತ್ತಿಟ್ಟು, ನಾಳಿದ್ದು ಮತ್ತೆ ಕಾಯಿಸುವುದರಲ್ಲಿ ನಿಜವಾದ ಕೆಡುಕಿದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಪ್ರಮಾಣ ಶೇ 25 ಮೀರಿದರೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದಲೇ ನಿಯಮ ಮಾಡಿದೆ. ಹೋಟೆಲಿನವರನ್ನು ಅಧಿಕಾರಿಗಳು ಕೇಳಬಹುದು, ಮನೆಯ ಒಲೆಯ ಮುಂದೆ ಕೇಳುವವರು ಯಾರು?

ಪೆಟ್ಟಿಗೆಯಲ್ಲಿ ಆದದ್ದೆಲ್ಲ ಆರೋಗ್ಯಕರ ಎಂಬುದು ಇನ್ನೊಂದು ಭ್ರಮೆ. ಅಂಗಡಿಯ ಫ್ರೋಜನ್ ಚಿಪ್ಸ್ ಕಾರ್ಖಾನೆಯಲ್ಲಿ ಒಮ್ಮೆ ಎಣ್ಣೆಯಲ್ಲಿ ಕರಿದೇ ಬಂದಿರುತ್ತದೆ. ಮನೆಯಲ್ಲಿ ನಡೆಯುವುದು ಬಿಸಿ ಮಾಡುವ ಕೆಲಸವಷ್ಟೇ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥ 120 ಡಿಗ್ರಿಗಿಂತ ಮೇಲೆ ಕೆಂಪಾಗುವಾಗ ಅಕ್ರಿಲಮೈಡ್ ಹುಟ್ಟುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಬಿಸಿಗಾಳಿಯಾದರೂ ಎಣ್ಣೆಯಾದರೂ ಅದಕ್ಕೆ ಭೇದವಿಲ್ಲ. ಹೋಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ಒರೆಸುವುದು, ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯುವುದು, ಕಪ್ಪಾದದ್ದನ್ನು ಬಿಡುವುದು: ಎಚ್ಚರಿಕೆ ಇಷ್ಟೇ.

ದುಡ್ಡಿನ ಮಾತಿಗೆ ಬಂದರೆ, ಸಾಧಾರಣ ಏರ್ ಫ್ರೈಯರ್‌ಗೆ ನಾಲ್ಕೈದು ಸಾವಿರ ರೂಪಾಯಿ. ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ, ಅಂದರೆ ಹೆಚ್ಚುಕಡಿಮೆ ಎರಡು ವಾರದ ದುಡಿಮೆ. 1,500 ವಾಟ್‌ನ ಯಂತ್ರ ದಿನಕ್ಕೆ ಕಾಲು ಗಂಟೆ ಓಡಿದರೆ ತಿಂಗಳಿಗೆ ಸುಮಾರು ಹನ್ನೊಂದು ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ತಿಳಿದವರು ಇದ್ದಾರೆ. ಹಾಗಿಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10, ತಿಂಗಳಿಗೆ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ 10 ಯೂನಿಟ್ ಸೇರಿಸಿ ಮಿತಿ ಕಟ್ಟಿದ್ದಾರೆ. ಸರಾಸರಿ 40 ಯೂನಿಟ್ಟಿನ ಮನೆಗೆ ಸಿಗುವುದು 50. ಮಿಕ್ಕಿದ್ದಕ್ಕೆ ಬಿಲ್ ಬರುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಹನ್ನೊಂದು ಯೂನಿಟ್ಟಿಗೆ ಎಪ್ಪತ್ತು ರೂಪಾಯಿ ಆಗದು, ಹೆದರುವಂಥದ್ದಲ್ಲ.

ಹೆದರಬೇಕಾದದ್ದು ಪ್ಲಗ್ಗಿಗೆ. ಹಳೆಯ ಮನೆಗಳಲ್ಲಿ ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ, ಅದರಲ್ಲೂ ಎಕ್ಸ್‌ಟೆನ್ಷನ್ ಬಾಕ್ಸಿಗೆ, ಇದನ್ನು ಸಿಕ್ಕಿಸಿದರೆ ವೈರು ಕಾಯುತ್ತದೆ. 1,500 ವಾಟ್ ಯಂತ್ರ ಆರೂವರೆ ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್‌ನ ಪವರ್ ಪ್ಲಗ್, ಸರಿಯಾದ ಅರ್ಥಿಂಗ್ ಇಲ್ಲದ ಮನೆಗೆ ಈ ಪೆಟ್ಟಿಗೆ ತರಬಾರದು.

ಕೊಳ್ಳಲಾಗದವರು ಕೊರಗಬೇಕಾಗಿಲ್ಲ. ದಪ್ಪ ಕಬ್ಬಿಣದ ಕಾವಲಿ, ಅದೇ ಎರಡು ಚಮಚ ಎಣ್ಣೆ, ಸಣ್ಣ ಉರಿ, ಮುಚ್ಚಳ ಮುಚ್ಚದೆ ಇಪ್ಪತ್ತು ನಿಮಿಷ. ಬೆಂಡೆ, ಗೋರಿಕಾಯಿ, ತೊಂಡೆಕಾಯಿ ಹತ್ತಿರ ಹತ್ತಿರ ಅಷ್ಟೇ ಗರಿಯಾಗುತ್ತವೆ. ವ್ಯತ್ಯಾಸ ಒಂದೇ: ಕಾವಲಿಯ ಮುಂದೆ ನಿಂತು ಮಗುಚುತ್ತಿರಬೇಕು, ಪೆಟ್ಟಿಗೆ ತಾನೇ ನಿಲ್ಲುತ್ತದೆ. ಏಪ್ರಿಲ್ ತಿಂಗಳ ಪಾವಗಡದಲ್ಲಿ, ಶೀಟಿನ ಸೂರಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ಇಪ್ಪತ್ತು ನಿಮಿಷ ನಿಲ್ಲುವವಳಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಈ ಯಂತ್ರದ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತೂ ಅದೇ. ಜಾಹೀರಾತಿನವರು ಮಾತ್ರ ಅದನ್ನು ಹೇಳುವುದಿಲ್ಲ.

ಬಜ್ಜಿಯನ್ನು ಬಜ್ಜಿಯಾಗಿಯೇ, ಎಣ್ಣೆಯಲ್ಲೇ ಕರಿದು, ಅಪರೂಪಕ್ಕೆ ತಿನ್ನುವುದು ಒಳ್ಳೆಯದು. ಏರ್ ಫ್ರೈಯರ್ ಈಗಾಗಲೇ ಮನೆಗೆ ಬಂದಿದ್ದರೆ ಅಟ್ಟದಿಂದ ಇಳಿಸಿ, ವಾರದಲ್ಲಿ ನಾಲ್ಕು ದಿನ ರಾತ್ರಿಯ ಊಟಕ್ಕೆ ಒಂದು ಬುಟ್ಟಿ ತರಕಾರಿಗೆ ಅದನ್ನು ಮೀಸಲಿಡಿ. ಇನ್ನೂ ಕೊಂಡಿಲ್ಲವೆಂದರೆ ಮುಂದಿನ ಸಂತೆಯಲ್ಲಿ ಎರಡು ಕೆ.ಜಿ. ಗೋರಿಕಾಯಿ, ಬೆಂಡೆ ತಂದು ಕಾವಲಿಯ ಮೇಲೆ ಹುರಿದು ನೋಡಿ. ತಿಂಗಳೊಪ್ಪತ್ತು ಮನೆಯವರೆಲ್ಲ ಕೇಳಿ ಹಾಕಿಸಿಕೊಂಡು ತಿಂದರೆ, ಪವರ್ ಪ್ಲಗ್ಗೂ ಸರಿಯಿದ್ದರೆ, ಆಗ ಅಂಗಡಿಗೆ ಹೋಗಿ.