ಪಾಲುದಾರರ ಪುಸ್ತಕಭಂಡಾರ

ಉಳ್ಳವರು ಕೂಡಿ ಕಟ್ಟಿದ ಜ್ಞಾನಭಂಡಾರವು ಇಲ್ಲದವರಿಗೂ ದಕ್ಕುವುದೇ? ಅಮೆರಿಕದ ಬಾಸ್ಟನ್ ನಗರದ ಅಥೆನಿಯಂ ಗ್ರಂಥಾಲಯದ ಚರಿತ್ರೆಯನ್ನು ಅವಲೋಕಿಸುವಾಗ ಈ ಪ್ರಶ್ನೆ ನಮ್ಮಲ್ಲಿ ಏಳುತ್ತದೆ.

1807ರಲ್ಲಿ ಸಾಹಿತ್ಯಾಸಕ್ತರ ಕೂಟವೊಂದು ಇದನ್ನು ಸ್ಥಾಪಿಸಿತು. ರಾಜಾಶ್ರಯವಿಲ್ಲ; ಪಾಲು ಕೊಂಡವರ ಹಣವೇ ಮೂಲಧನ. 1827ರಲ್ಲಿ ಚಿತ್ರಶಾಲೆಯೂ ಕೂಡಿಕೊಂಡು, ಪ್ರವೇಶಧನ ತೆತ್ತವರಿಗೆ ವರ್ಷಂಪ್ರತಿ ಕಲಾಪ್ರದರ್ಶನಗಳು ನಡೆದವು. 1848ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಗ್ರಂಥಸಂಗ್ರಹದ ದೊಡ್ಡ ಭಾಗವೊಂದನ್ನು ವಂತಿಗೆಯೆತ್ತಿ ಕೊಳ್ಳಲಾಯಿತು. 1849ರಲ್ಲಿ ಬೀಕನ್ ಬೀದಿಯ ಭವ್ಯ ಕಟ್ಟಡ ಸಿದ್ಧವಾಯಿತು.

ಆದರೆ ಪಾಲಿಲ್ಲದ ಓದುಗನ ಗತಿಯೇನು? ನಗರದಲ್ಲಿ ಆಗ ರೂಪುಗೊಳ್ಳುತ್ತಿದ್ದ ಸಾರ್ವಜನಿಕ ಗ್ರಂಥಾಲಯದೊಡನೆ ವಿಲೀನವಾಗಬೇಕೆಂಬ ಸಲಹೆಯನ್ನು ಪಾಲುದಾರರು 1853ರಲ್ಲಿ ಒಪ್ಪಲಿಲ್ಲ. ಮರುವರ್ಷ ಆ ಗ್ರಂಥಾಲಯವು ಸ್ವತಂತ್ರವಾಗಿಯೇ ಬಾಗಿಲು ತೆರೆಯಿತು. ಚಿತ್ರಗಳ ವಿಷಯದಲ್ಲಿ ಮಾತ್ರ ಅಥೆನಿಯಂ ಉದಾರವಾಯಿತು. 1870ರಲ್ಲಿ ಹುಟ್ಟಿದ ಲಲಿತಕಲಾ ಸಂಗ್ರಹಾಲಯವು 1876ರಲ್ಲಿ ಸ್ವಂತ ಕಟ್ಟಡ ಸೇರುವವರೆಗೆ ಇದರ ಮೇಲಂತಸ್ತಿನಲ್ಲಿಯೇ ಪ್ರದರ್ಶನ ನಡೆಸಿತು. ಬಳಿಕ ಅಥೆನಿಯಮ್ಮಿನ ಅನೇಕ ಕೃತಿಗಳು ಎರವಾಗಿ ಅಲ್ಲಿಗೆ ಸಾಗಿ, ಸಹಸ್ರಾರು ಜನರ ಕಣ್ಣಿಗೆ ಬಿದ್ದವು.

ಕೂಡಿಸಿದವರ ಶ್ರಮವನ್ನು ನಾವು ಗೌರವಿಸಬೇಕು. ಬಾಗಿಲು ತೆರೆದವರ ಔದಾರ್ಯವನ್ನು ಅದಕ್ಕಿಂತಲೂ ಮಿಗಿಲಾಗಿ ನೆನೆಯಬೇಕು. ಪ್ರಿಯ ವಾಚಕರೇ, ನಮ್ಮ ಮನೆಯ ಕಪಾಟುಗಳಲ್ಲಿಯೂ ಹಿರಿಯರು ಕೂಡಿಟ್ಟ ಹೊತ್ತಗೆಗಳಿವೆ. ಬೀಗ ಹಾಕಿಟ್ಟ ಹೊತ್ತಗೆಗೆ ಗೆದ್ದಲೊಂದೇ ಓದುಗ. ನೆರೆಮನೆಯ ಮಗುವಿಗೆ ಒಂದನ್ನಾದರೂ ಓದಲು ಕೊಡೋಣ.