ಬಾವಿಯ ರಾಟೆಗೆ ಲಗೇಜ್ ತಕ್ಕಡಿ ಕಟ್ಟಿದಾಗ

ನನ್ನ ಅಕ್ಕನ ಮಗಳು ಆರನೇ ಕ್ಲಾಸು. ಸನ್ನೆ, ರಾಟೆ, ಗಾಲಿ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು ಅಂತ ಆರೂ ಸರಳ ಯಂತ್ರಗಳ ಹೆಸರನ್ನ ಒಂದೇ ಉಸಿರಿಗೆ ಹೇಳ್ತಾಳೆ. ಯಂತ್ರ ಯಾಕೆ ಬೇಕು ಅಂದ್ರೆ "ಕೆಲಸ ಸುಲಭ ಆಗೋಕೆ ಮಾಮ" ಅನ್ನೋ ಉತ್ತರವೂ ರೆಡಿ.

ಅವಳಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದ್ದೆ. ಪ್ಲಾಸ್ಟಿಕ್ ರಾಟೆ, ನೂಲು, 50 ಗ್ರಾಂ ತೂಕದ ಬಿಲ್ಲೆ. ಅರ್ಧ ಗಂಟೆಯಲ್ಲಿ ಜೋಡಿಸಿ ಮುಗಿಸಿದಳು, ಆಮೇಲೆ ಮುಟ್ಟಲಿಲ್ಲ. ತಪ್ಪು ಅವಳದ್ದಲ್ಲ. 50 ಗ್ರಾಂ ಎತ್ತೋಕೆ ಯಾರಿಗೆ ಯಂತ್ರ ಬೇಕು?

ಹೋದ ಭಾನುವಾರ ಅವಳು ಅರಿಶಿನಕುಂಟೆಯ ನಮ್ಮ ಮನೆಗೆ ಬಂದಿದ್ದಾಗ ಅಪ್ಪ ಅಟ್ಟದಿಂದ ಹಳೇ ಬಾವಿಯ ಕಬ್ಬಿಣದ ರಾಟೆ ಇಳಿಸಿದ್ರು. ಬೋರ್‌ವೆಲ್ ಬಂದ ಮೇಲೆ ಬಾವಿಗೆ ಚಪ್ಪಡಿ ಮುಚ್ಚಿದ್ದೇವೆ. ಹಿತ್ತಲಿನ ಬೇವಿನ ಮರದ ಗಟ್ಟಿ ಕೊಂಬೆಗೆ ರಾಟೆ ಕಟ್ಟಿ, 10 ಲೀಟರ್ ನೀರಿದ್ದ ಬಕೆಟ್ ನೇತುಹಾಕಿದ್ವಿ. ಎಳೆಯುವ ತುದಿಗೆ, ಪ್ರಯಾಣಕ್ಕೆ ಮುಂಚೆ ಸೂಟ್‌ಕೇಸ್ ತೂಗುವ ನನ್ನ ಲಗೇಜ್ ತಕ್ಕಡಿ. (ಬಕೆಟ್ ಕೆಳಗೆ ಯಾರೂ ನಿಲ್ಲಬಾರದು. ಹಗ್ಗವನ್ನ ಮೊದಲು ದೊಡ್ಡವರು ಜಗ್ಗಿ ನೋಡಿ.)

ಬಕೆಟ್ ಸೇರಿ ತೂಕ 10.5 ಕೆಜಿ. ಎಳೆದಾಗ ತಕ್ಕಡಿ ತೋರಿಸಿದ್ದು 14!

"ಇದು ಜಾಸ್ತಿನೇ ಆಯ್ತಲ್ಲ ಮಾಮ? ಪುಸ್ತಕದಲ್ಲಿ ಸುಳ್ಳು ಬರ್ದಿದಾರಾ?" ಅವಳ ಮುಖ ಸಣ್ಣಗಾಗಿತ್ತು.

ನನಗೆ ಬಾಯಿ ತುರಿಸ್ತಿತ್ತು, ಇಂಜಿನಿಯರಿಂಗ್ ಓದಿದವನಲ್ವಾ. ಅಪ್ಪ ಕಣ್ಣಲ್ಲೇ ಸುಮ್ಮನಿರು ಅಂದ್ರು. "ಅಚ್ಚು ತುಕ್ಕು ಹಿಡಿದೈತೆ ಕಣಮ್ಮ. ಗಾಡಿಗೆ ಕೀಲೆಣ್ಣೆ ಹಾಕ್ದೆ ಹೊರಟ್ರೆ ಎತ್ತು ನಮ್ಮನ್ನ ಬೈಯೋದು." ಹರಳೆಣ್ಣೆ ಬಿಟ್ಟು ತಿರುಗಿಸಿದ್ಮೇಲೆ 11.5ಕ್ಕೆ ಇಳೀತು. ಆದರೂ ಬಕೆಟ್‌ನ ತೂಕಕ್ಕಿಂತ ಜಾಸ್ತಿನೇ.

ಸುಮಾರು ಹೊತ್ತು ಎಳೆದು ಬಿಟ್ಟು ಮಾಡಿದ ಮೇಲೆ ಅವಳೇ ಹೇಳಿದಳು: "ಭಾರ ಕಮ್ಮಿ ಆಗಲ್ಲ, ಆದ್ರೆ ಕೆಳಕ್ಕೆ ಎಳೀಬಹುದು. ನಾನು ಜೋತು ಬಿದ್ರೆ ಸಾಕು." ಕಟ್ಟಿದ ಜಾಗದಲ್ಲೇ ಇರುವ ರಾಟೆ ಮಾಡೋದು ಅಷ್ಟೇ, ದಿಕ್ಕು ಬದಲಾಯಿಸೋದು.

ನೆಲಮಂಗಲದ ಹಾರ್ಡ್‌ವೇರ್ ಅಂಗಡಿಯಿಂದ ಇನ್ನೊಂದು ರಾಟೆ ತಂದೆ. ಹಗ್ಗದ ಒಂದು ತುದಿ ಕೊಂಬೆಗೆ ಕಟ್ಟಿ, ಬಕೆಟ್‌ಗೆ ಸಿಕ್ಕಿಸಿದ ಹೊಸ ರಾಟೆಯ ಅಡಿಯಿಂದ ಹಾಯಿಸಿ, ಮತ್ತೆ ಮೇಲಿನ ರಾಟೆಗೆ ತಂದ್ವಿ. ತಕ್ಕಡಿಯಲ್ಲಿ 6.5. ಕುಣಿದಾಡಿಬಿಟ್ಟಳು. ಆಮೇಲೆ ಟೇಪ್ ಹಿಡಿದು ಅಳೆದಳು. ಬಕೆಟ್ 1 ಮೀಟರ್ ಮೇಲೇರೋಕೆ ಹಗ್ಗ 2 ಮೀಟರ್ ಎಳೀಬೇಕು.

"ಮೋಸ! ಭಾರ ಅರ್ಧ ಮಾಡಿ ಹಗ್ಗ ಡಬಲ್ ಎಳೆಸ್ಕೊಳ್ತು!"

ಈ ಸೂತ್ರ ಬರೆದು ನಾನು ಮಾರ್ಕ್ಸ್ ತಗೊಂಡಿದ್ದೀನಿ. ಟೇಪ್ ಹಿಡಿದು ನೋಡಿದ್ದು ಇದೇ ಮೊದಲು.

ಮನೆಯಲ್ಲಿ ಕೊಂಬೆ, ಹಿತ್ತಲು ಇಲ್ಲದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋಗಿ. ಮಕ್ಕಳೇ ಕೈಯಿಂದ ತಿರುಗಿಸಿ ನೋಡುವ ಮಾದರಿಗಳಿವೆ. ನಮ್ಮ ಕಡೆಯವರಿಗೆ ಮಾದಾವರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದ್ರೆ ಹತ್ತಿರ.

ಸಂಜೆ ಕಾಫಿ ಹೊತ್ತಿಗೆ ಅಪ್ಪ ಕಪಿಲೆ ಬಾವಿಯ ಕಥೆ ತೆಗೆದ್ರು. ಬಾವಿ ಬಾಯಲ್ಲಿ ದೊಡ್ಡ ರಾಟೆ, ಹಗ್ಗದ ಒಂದು ಕಡೆ ನೀರು ತುಂಬಿದ ತೊಗಲಿನ ಚೀಲ, ಇನ್ನೊಂದು ಕಡೆ ಜೋಡೆತ್ತು. ಎತ್ತುಗಳು ಇಳಿಜಾರಲ್ಲಿ ಕೆಳಕ್ಕೆ ನಡೆದಂಗೆ ಚೀಲ ಮೇಲೆ ಬರ್ತಿತ್ತು, ಎತ್ತಿನ ಮೈಭಾರವೂ ಎಳೆಯೋಕೆ ಸೇರ್ತಿತ್ತು.

"ನಾನು ಜೋತು ಬಿದ್ದಂಗೇ!" ಅಂದಳು. ಸ್ವಲ್ಪ ಯೋಚಿಸಿ, "ಆದ್ರೆ ತಾತ, ಎತ್ತು ಪ್ರತೀ ಸಲ ವಾಪಸ್ ಮೇಲೆ ಹತ್ತಬೇಕಲ್ಲ?"

"ಹತ್ತಬೇಕಮ್ಮ. ಅದಕ್ಕೇ ಸಂಜೆ ಅವಕ್ಕೆ ಹುರುಳಿ ಬೇಯಿಸಿ ಇಡ್ತಿದ್ದಿದ್ದು."