ಮನೆಯೊಳಗಿನ ಮನೆ

ಕಳೆದ ತಿಂಗಳು ಹಲಸೂರಿನಲ್ಲಿರುವ ನಮ್ಮ ಸೋದರತ್ತೆಯವರು ನಮ್ಮನ್ನು ಕರೆಸಿ, “ನಿಮ್ಮ ಮಾವ ಬರೆದಿಟ್ಟದ್ದೆಲ್ಲಾ ಹೋಯಿತಪ್ಪಾ” ಎಂದು ಕಣ್ಣೀರಿಟ್ಟರು. ದಿವಂಗತರಾದ ಮಾವನವರು ದಂಡಿನಲ್ಲಿ ಕಳೆದ ತಮ್ಮ ಬಾಲ್ಯದ ಸ್ಮರಣೆಗಳನ್ನು, ವಿಂಡೋಸ್ ಎಕ್ಸ್‌ಪಿಯ ಕಾಲದ ಕಂಪ್ಯೂಟರಿನಲ್ಲಿ, ‘ನುಡಿ’ಯ ಹಳೆಯ ಅಕ್ಷರಗಳಿಂದ ಬೆರಳಚ್ಚು ಮಾಡಿದ್ದರು. ಆ ಯಂತ್ರವು ಕೆಟ್ಟುಹೋಗಲು, ಹೊಸ ಯಂತ್ರದೊಳಗೆ ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶದ ಮೂಲಕ ಎಕ್ಸ್‌ಪಿಯನ್ನೇ ನೆಲೆಗೊಳಿಸಿ, ಬರಹವನ್ನು ಅಲ್ಲಿರಿಸಿದ್ದೆವು. ಈಗ ಅಲ್ಲಿ ಪೆನ್‌ಡ್ರೈವೂ ಕಾಣದು, ಯುಗಾದಿಯಿಂದೀಚೆಗೆ ಅತ್ತೆಯವರು ತಿದ್ದಿದ ಪುಟಗಳೂ ಕಾಣವು.

ಯಂತ್ರದೊಳಗಣ ಈ ಯಂತ್ರದ ಮರ್ಮವನ್ನು ಬೆಂಗಳೂರಿಗರು ಸುಲಭವಾಗಿ ಅರಿಯಬಲ್ಲರು. 1949ರಲ್ಲಿ ಒಂದೇ ಕಾರ್ಪೊರೇಷನ್ ಆಗುವವರೆಗೆ ದಂಡಿಗೂ ಪೇಟೆಗೂ ಬೇರೆ ಬೇರೆ ಪುರಸಭೆಗಳಿದ್ದವು. ಕಣ್ಣಿಗೆ ಊರು ಒಂದು, ಆಡಳಿತ ಎರಡು. ಹಾಗೆಯೇ ಪರದೆಯು ಒಂದೇ ಆದರೂ ಹೊರಯಂತ್ರ ಒಳಯಂತ್ರಗಳ ಆಡಳಿತಗಳು ಎರಡು. ಪೆನ್‌ಡ್ರೈವು ಒಂದು ವೇಳೆಯಲ್ಲಿ ಒಂದರ ವಶದಲ್ಲಿ ಮಾತ್ರ ಇರುವುದು.

ಆದುದರಿಂದ ಮೊದಲು ಹೊರಯಂತ್ರದಲ್ಲಿ ತೆರೆದಿರುವ ಅದರ ಕಡತಗಳನ್ನು ಮುಚ್ಚಿ, ಬಳಿಕ ಒಳಯಂತ್ರದ ಕಿಟಕಿಯ ಮೇಲಿರುವ ‘ಡಿವೈಸಸ್’ ಪಟ್ಟಿಯಲ್ಲಿ ‘ಯುಎಸ್‌ಬಿ’ಯನ್ನು ಒತ್ತಿ, ಪೆನ್‌ಡ್ರೈವಿನ ಹೆಸರನ್ನು ಆರಿಸತಕ್ಕದ್ದು. ಆಗಲೂ ಬಾರದಿದ್ದರೆ ಒಳಯಂತ್ರವನ್ನು ನಿಲ್ಲಿಸಿ, ಅದರ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿಯ ಬಗೆಯನ್ನು ನೋಡಬೇಕು. ಎಕ್ಸ್‌ಪಿಯು ಯುಎಸ್‌ಬಿ 3ನ್ನು ತಾನಾಗಿ ಅರಿಯದು; 2 ಅಥವಾ 1.1ನ್ನು ಗೊತ್ತುಮಾಡಬೇಕು.

ನಾವು ಹಾಗೆ ಮಾಡಲು ಪೆನ್‌ಡ್ರೈವು ಕಾಣಿಸಿಕೊಂಡಿತು, ಆದರೆ ಒಡನೆಯೇ, “ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?” ಎಂಬರ್ಥದ ಪ್ರಶ್ನೆಯೂ ಬಂದಿತು. ಅತ್ತೆಯವರು “ಹೂಂ ಅನ್ನಲೇನಪ್ಪಾ?” ಎಂದು ಬೆರಳೆತ್ತಿದರು. ನಾವು ಕೈ ಹಿಡಿದು ತಡೆದೆವು. ಅದು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಅಣಿಯಾದ ಪೆನ್‌ಡ್ರೈವು. ಪ್ರತ್ಯೇಕ ಜೋಡಣೆಯಿಲ್ಲದ ಎಕ್ಸ್‌ಪಿಗೆ ಆ ಕ್ರಮವು ತಿಳಿಯದು. ಹೂಂ ಎಂದಿದ್ದರೆ ಅದರಲ್ಲಿದ್ದ ಮಾವನವರ ಭಾವಚಿತ್ರಗಳೆಲ್ಲವೂ ಕೈಬಿಡುತ್ತಿದ್ದವು. ಹೊರಯಂತ್ರಕ್ಕೆ ಮರಳಿಸಿದೊಡನೆ ಎಲ್ಲವೂ ಕಂಡವು. ಫ್ಯಾಟ್32 ಕ್ರಮದ ಬೇರೊಂದು ಪೆನ್‌ಡ್ರೈವನ್ನು ಒಳಯಂತ್ರಕ್ಕೆಂದು ಇರಿಸಿದೆವು.

ಇನ್ನು ತಿದ್ದಿದ ಪುಟಗಳ ಮಾತು. ಯಂತ್ರವು ನಿಧಾನವಾಯಿತೆಂದು ಮೊಮ್ಮಗನು ಅದನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ, ಎಂದರೆ ಯುಗಾದಿಯಂದು ಹಿಡಿದಿಟ್ಟ ಸ್ಥಿತಿಗೆ, ಹಿಂದಿರುಗಿಸಿದ್ದನು. ಹೀಗೆ ಮಾಡಿದರೆ ಆ ದಿನದ ತರುವಾಯ ಒಳಯಂತ್ರದ ಡಿಸ್ಕಿನಲ್ಲಿ ಬರೆದುದೆಲ್ಲವೂ ಮರೆಯಾಗುವುದು. ಭಾಗ್ಯವಶಾತ್, ಹಿಂದಿರುಗುವ ಮುನ್ನ ಸದ್ಯದ ಸ್ಥಿತಿಯನ್ನೂ ಉಳಿಸಿಕೊಳ್ಳುವ ಗುರುತನ್ನು ಹುಡುಗನು ತೆಗೆದಿರಲಿಲ್ಲ. ಆ ಸ್ಥಿತಿಗೆ ಹೋದೆವು, ಪುಟಗಳೆಲ್ಲವೂ ದೊರೆತವು. ಅತ್ತೆಯವರು ಕನ್ನಡಕವನ್ನು ಒರೆಸಿಕೊಂಡು ಮೊದಲನೆಯ ಪುಟವನ್ನು ಗಟ್ಟಿಯಾಗಿ ಓದಿದರು.

ಅದೇ ಸಂಜೆ ‘ಗೆಸ್ಟ್ ಅಡಿಷನ್ಸ್’ ಎಂಬ ಜೋಡಣೆಯನ್ನು ಹಾಕಿ, ಎರಡು ಯಂತ್ರಗಳಿಗೂ ಕಾಣುವ ಹಂಚಿಕೆಯ ಫೋಲ್ಡರನ್ನು ಏರ್ಪಡಿಸಿದೆವು. ಅದರ ಕಡತಗಳು ಹೊರಯಂತ್ರದಲ್ಲಿಯೇ ಇರುವುದರಿಂದ, ಒಳಯಂತ್ರವನ್ನು ಹಿಂದಿರುಗಿಸಿದರೂ ಅವು ಉಳಿಯುವುವು. ಅದರದೊಂದು ಪ್ರತಿಯು ಇಂದಿರಾನಗರದ ಮಗಳ ಮನೆಗೂ ಹೋಯಿತು.

ಕಾಣದಿರುವುದೆಲ್ಲವೂ ಕಳೆದುಹೋದುದಲ್ಲ. ಯಾವ ಮನೆಯಲ್ಲಿದೆಯೆಂದು ವಿಚಾರಿಸುವ ಮೊದಲು ಯಂತ್ರದ ಯಾವ ಪ್ರಶ್ನೆಗೂ ಹೂಂ ಎನ್ನಬಾರದೆಂದು ನಮ್ಮ ಗೃಹಸ್ಥ ಬಂಧುಗಳಲ್ಲಿ ವಿಜ್ಞಾಪಿಸುತ್ತೇವೆ.